ಮುನಿಗಂಗಮ್ಮ ತೆಗೆದಿಟ್ಟ ಮುಚ್ಚಳ

ಚಿಕ್ಕಬಳ್ಳಾಪುರದಲ್ಲಿ ಆಗ ಹೆರಿಗೆಯಾದ ಮನೆಯಿಂದ ಸೂಲಗಿತ್ತಿಯ ನಂತರ ಕರೆ ಹೋಗುತ್ತಿದ್ದುದು ಮುನಿಗಂಗಮ್ಮನಿಗೆ. ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು ಅವಳ ಕೆಲಸ. ಹುಟ್ಟಿದ್ದು ಮಂಚೇನಹಳ್ಳಿಯಲ್ಲಿ, ಕೊಟ್ಟಿದ್ದು ತೊಂಡೇಬಾವಿಗೆ. ಗಂಡ ಬಯ್ಯಪ್ಪ ಹೋದ ಮೇಲೆ ಹೊಲ ಮೈದುನಂದಿರ ಪಾಲಾಯಿತು. ಅತ್ತೆ ಕಲಿಸಿದ ಈ ಕೆಲಸವೊಂದು ಅವಳಿಗೆ ಉಳಿಯಿತು. ಒಬ್ಬಳೇ ಮಗಳು ಚಿಕ್ಕವೆಂಕಟಮ್ಮ ಚೊಚ್ಚಲ ಬಾಣಂತನದಲ್ಲೇ ಕಣ್ಣು ಮುಚ್ಚಿದಳು. ಸನ್ನಿಯಾಯಿತು ಎಂದರು ಊರವರು. ತೊಂಡೇಬಾವಿಯ ಮನೆಗೆ ಬೀಗ ಹಾಕಿ ಪೇಟೆಗೆ ಬಂದವಳು ಮತ್ತೆ ಆ ಊರ ಕಡೆ ತಲೆ ಹಾಕಲಿಲ್ಲ.

ಅರುವತ್ತನೇ ಇಸವಿಯ ಆಸುಪಾಸು, ಪುಷ್ಯ ಮಾಸದ ಚಳಿ. ಬೆಟ್ಟದ ಮಂಜು ಹೊತ್ತೇರುವವರೆಗೂ ಬೀದಿಯಲ್ಲೇ ಬಿದ್ದಿರುತ್ತಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತ ಯೋಗನರಸಿಂಹಯ್ಯನವರ ಮಗಳು ಅಲಮೇಲು ತವರಿಗೆ ಬಂದು ಗಂಡು ಮಗುವನ್ನು ಹೆತ್ತಿದ್ದಳು. ಅವರದು ಹೊಸ ಮನೆ. ಹೆಂಚಿಲ್ಲ, ಮದ್ರಾಸ್ ತಾರಸಿ. ಬಚ್ಚಲಲ್ಲಿ ಹಂಡೆಯೂ ಇಲ್ಲ, ಬೆಂಗಳೂರಿನಿಂದ ತರಿಸಿದ ತಾಮ್ರದ ಬಾಯ್ಲರು. ಯಜಮಾನರ ಹೆಂಡತಿ ಕಮಲಮ್ಮನವರಿಗೆ ಅದೊಂದು ಒಡವೆ.

"ನೋಡೇ ಗಂಗಮ್ಮ, ಊದೋದಿಲ್ಲ, ಮಸಿಯಿಲ್ಲ. ನಲ್ಲಿ ತಿರುಗಿಸಿದ್ರೆ ಬಿಸಿನೀರು" ಎಂದಿದ್ದರು.

"ನಮ್ಮಂಥೋರು ಇದರ ಮುಂದೆ ಕೈ ಕಟ್ಕೊಂಡು ನಿಂತ್ಕೋಬೇಕು ಬಿಡಿ ಅಮ್ಮಾವ್ರೇ" ಎಂದು ಮುನಿಗಂಗಮ್ಮ ನಕ್ಕಿದ್ದಳು.

ಬಾಯ್ಲರಿನ ನಡುವೆ ಒಂದು ಕೊಳವೆ, ಸುತ್ತ ನೀರು. ಕೆಳಗಿನ ಜಾಲರಿಯ ಮೇಲೆ ಸೌದೆ ಚಕ್ಕೆ, ಇದ್ದಿಲು ಹಾಕಿ ಹೊತ್ತಿಸಬೇಕು. ಹೊಗೆ ನಡುವಿನ ಕೊಳವೆಯಲ್ಲಿ ಏರಿ, ಅದರ ಮೇಲಿಟ್ಟ ತಗಡಿನ ಕೊಳವೆ ಹಿಡಿದು ಗೋಡೆಯ ತೂತಿನಿಂದ ಆಚೆ ಹೋಗುತ್ತಿತ್ತು. ಹೊಗೆ ನಿಂತು ಬರೀ ಕೆಂಡ ಉಳಿದಾಗ ಕಮಲಮ್ಮನವರು ತಗಡನ್ನು ಎತ್ತಿಡಿಸಿ, ಕೊಳವೆಯ ಬಾಯಿಗೆ ತಾಮ್ರದ ಮುಚ್ಚಳ ಹಾಕಿಸುತ್ತಿದ್ದರು, ಕಾವು ಹೋಗಬಾರದೆಂದು. ಆಮೇಲೆ ಗೋಡೆಯ ತೂತಿಗೆ ಬಟ್ಟೆ, ಕಿಟಕಿಗೆ ಹಳೇ ಸೀರೆ, ಬಚ್ಚಲ ಮೋರಿಗೆ ಗೋಣಿ. ಬಾಣಂತಿಗೆ ಶೀತ ತಾಗಬಾರದು. ಎಲ್ಲ ಮನೆಯಲ್ಲೂ ಇದೇ ಕ್ರಮ, ಮುನಿಗಂಗಮ್ಮನೂ ಇದನ್ನೇ ಕಲಿತು ಬೆಳೆದವಳು.

ಮೊದಲ ನೀರಿನ ದಿನವೇ ಅಲಮೇಲು ತಲೆನೋವೆಂದಳು. ಎಣ್ಣೆ ಹೆಚ್ಚಾಯಿತೇನೋ ಎಂದರು. ಮುಂದಿನ ನೀರಿಗೆ ವಾಂತಿಯಾಯಿತು. ಲೇಹ್ಯ ಉಷ್ಣವೆಂದು ಅದನ್ನು ನಿಲ್ಲಿಸಿದರು, ದೃಷ್ಟಿ ತೆಗೆದರು. ಮುನಿಗಂಗಮ್ಮನಿಗೂ ತಲೆ ಸಿಡಿಯುತ್ತಿತ್ತು, ಮಂಡಿ ನಡುಗುತ್ತಿತ್ತು, ವಯಸ್ಸಾಯಿತಲ್ಲ ಎಂದುಕೊಂಡಳು. ಅದರ ಮುಂದಿನ ನೀರಿಗೆ ಹುಡುಗಿ ಮಣೆಯ ಮೇಲಿಂದ ಪಕ್ಕಕ್ಕೆ ವಾಲಿ ಬಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಎತ್ತಿಕೊಂಡು ಹಿತ್ತಲ ಜಗುಲಿಗೆ ತಂದ ಮೇಲೆ ಬಹಳ ಹೊತ್ತಿಗೆ ಉಸಿರು ಸರಿಹೋಯಿತು.

"ಎಲ್ಲೋ ಸಂದಿಯಿಂದ ಶೀತ ಹೊಡೀತಾ ಇದೆ ಕಣೇ" ಎಂದು ಕಮಲಮ್ಮನವರು ಅಳುತ್ತಲೇ ಹೇಳಿದರು. "ನಾಳೆ ಪುರುಡಿನ ಮೈಲಿಗೆ ಕಳೆಯೋ ನೀರು, ತಪ್ಪಿಸೋ ಹಾಗಿಲ್ಲ. ಬಾಗಿಲ ಸಂದಿಗೂ ಬಟ್ಟೆ ತುರುಕಿಬಿಡು."

ಇನ್ನೊಮ್ಮೆ ಹೀಗೆ ಬಿದ್ದರೆ ಹುಡುಗಿ ಏಳುವುದಿಲ್ಲವೆಂದು ಮುನಿಗಂಗಮ್ಮನಿಗೆ ಅನ್ನಿಸಿಬಿಟ್ಟಿತ್ತು. ಮರುದಿನ ಮಂಜು ಹರಿಯುವ ಮುಂಚೆಯೇ ಬಂದು ಬಾಯ್ಲರಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಜಾಲರಿಯಲ್ಲಿ ಬೂದಿ ಕಟ್ಟಿಕೊಂಡಿತ್ತು, ಕೆರೆದು ತೆಗೆದಳು. ಕೋಲಿಗೆ ಬಟ್ಟೆ ಸುತ್ತಿ ಕೊಳವೆಯೊಳಗಿನ ಮಸಿ ಜಾಡಿಸಿದಳು. ತಾಮ್ರದ ಕಿಲುಬೇನಾದರೂ ನೀರಿಗೆ ಬಿಟ್ಟಿದೆಯೋ ಎಂದು ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದಳು, ನಾಲಿಗೆಗೆ ಮುಟ್ಟಿಸಿದಳು. ನೀರು ಚೆನ್ನಾಗಿಯೇ ಇತ್ತು.

ಹಾಗಾದರೆ ಏನು? ಕೂಸಿಗೂ ಇದೇ ನೀರು, ಇದೇ ಬಚ್ಚಲು. ಎರೆಸಿಕೊಂಡ ಮೇಲೆ ಅದು ಹಾಲು ಕುಡಿದು ಹಾಯಾಗಿ ಮಲಗುತ್ತದೆ. ತಾಯಿಗೆ ಮಾತ್ರ ಯಾಕೆ ಹೀಗೆ? ತನಗೂ ಯಾಕೆ ತಲೆ ಸಿಡಿಯುತ್ತದೆ? ಮುನಿಗಂಗಮ್ಮ ಒಂದೊಂದನ್ನೂ ಬಿಡಿಸಿ ನೋಡಿದಳು. ಕೂಸಿಗೆ ಮೊದಲು ಎರೆಯುತ್ತಾಳೆ, ಆಗ ಬೆಂಕಿಯಿನ್ನೂ ಉರಿಯುತ್ತಿರುತ್ತದೆ, ತಗಡಿನ ಕೊಳವೆ ಮೇಲೇ ಇರುತ್ತದೆ. ತಾಯಿಯ ಸರದಿ ಬರುವುದು ಮುಚ್ಚಳ ಬಿದ್ದ ಮೇಲೆ.

ಅವಳು ಬೆಂಕಿ ಹೊತ್ತಿಸಿದಳು. ಕೂಸಿಗೆ ಎರೆದು ಒಳಗೆ ಕೊಟ್ಟಳು. ಕೆಂಡವಾದ ಮೇಲೆ ತಗಡು ತೆಗೆದು ಮುಚ್ಚಳ ಹಾಕಿ, ತೂತು, ಕಿಟಕಿ, ಮೋರಿ ಎಲ್ಲ ಮುಚ್ಚಿ, ಬಾಗಿಲು ಹಾಕಿಕೊಂಡು ತಾನೇ ಮಣೆಯ ಮೇಲೆ ಕೂತಳು.

"ಎಣ್ಣೆ ತಿಕ್ಕಿ ಕೂರಿಸಿದೀನಿ ಕಣೇ, ಹುಡುಗಿ ಕಾಯ್ತಾ ಇದಾಳೆ. ಏನು ಮಾಡ್ತಿದೀಯ ಒಳಗೆ?" ಕಮಲಮ್ಮನವರು ಬಾಗಿಲು ಬಡಿದರು.

"ಇವತ್ತು ನಾನೇ ಬಾಣಂತಿ ಅನ್ಕೊಳ್ಳಿ ಅಮ್ಮಾವ್ರೇ. ಒಂದು ಗಳಿಗೆ ತಡೀರಿ."

"ಈ ವಯಸ್ಸಲ್ಲಿ ಇವಳಿಗೊಂದು ಬಾಣಂತನ!"

ಹೊಗೆಯಿಲ್ಲ, ವಾಸನೆಯಿಲ್ಲ. ಬೆಚ್ಚಗೆ ಹಿತವಾಗಿತ್ತು. ನಿಧಾನವಾಗಿ ಕಣತಲೆಯ ನರ ಹೊಡೆದುಕೊಳ್ಳತೊಡಗಿತು. ನಾಲಿಗೆ ದಪ್ಪವಾದಂತಾಯಿತು. ನಿದ್ದೆ ಬಂದಂತಾಗಿ, ಹೀಗೇ ಒರಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಮತ್ತೆ ಬಾಗಿಲು ಬಡಿದ ಸದ್ದು. ಏಳಹೋದರೆ ಕಾಲು ಕೇಳಲಿಲ್ಲ. ತೆವಳಿಕೊಂಡು ಹೋಗಿ ಚಿಲಕ ತೆಗೆದು ಹಿತ್ತಲಿಗೆ ಬಿದ್ದಳು.

"ಅಯ್ಯೋ ದೇವುಡಾ" ಎಂದಳು, ಮಾತು ಬಂದ ಮೇಲೆ. "ಆ ಕೆಂಡವೇ ಅಮ್ಮಾವ್ರೇ."

"ಕೆಂಡದಲ್ಲಿ ಹೊಗೆ ಎಲ್ಲಿಂದ ಬರುತ್ತೇ?"

"ಕಾಣೋದಿಲ್ಲ. ಕಂಡಿದ್ರೆ ಓಡಿ ಬರ್ತಿದ್ವಿ. ಹೆಂಚಿನ ಮನೇಲಿ ಸಂದೀಲಿ ಹೋಗ್ತಿತ್ತೇನೋ. ಇಲ್ಲಿ ಎಲ್ಲಿಗೆ ಹೋಗ್ಬೇಕು ಅದು?"

"ಕಿಟಕಿ ತೆಗೆದು ಹಸೀ ಬಾಣಂತಿಗೆ ನೀರು ಹಾಕ್ತೀಯಾ? ಶೀತ ಹೊಡೆದು ಹುಡುಗಿಗೆ ಏನಾದ್ರೂ ಆದ್ರೆ ಯಾರೇ ಹೊಣೆ?"

"ತೆಗೀದೆ ಹಾಕಿದ್ರೆ ನಾನು ಹೊಣೆ. ಹಾಗೆ ಹಾಕಲ್ಲ ಅಮ್ಮಾವ್ರೇ. ಬೇಕಾದ್ರೆ ಬೇರೆಯೋರನ್ನ ಕರೆಸ್ಕೊಳ್ಳಿ. ಅವರಿಗೂ ನಾನು ಇದನ್ನೇ ಹೇಳ್ತೀನಿ."

ಯೋಗನರಸಿಂಹಯ್ಯನವರು ಅಷ್ಟು ಹೊತ್ತೂ ನಡುಮನೆಯಿಂದ ಕೇಳುತ್ತಿದ್ದವರು, "ಅವಳ ಮುಖ ನೋಡು ಕಮಲಾ. ನಿನ್ನೆ ಅಲಮೇಲು ಮುಖ ಹೀಗೇ ಇತ್ತು" ಎಂದರು. ಕಮಲಮ್ಮನವರು ನೋಡಿದರು. ಬಾಗಿಲಿಂದ ಪಕ್ಕಕ್ಕೆ ಸರಿದರು.

ಮುನಿಗಂಗಮ್ಮ ಸುಧಾರಿಸಿಕೊಂಡು ಎದ್ದಳು. ಎಲ್ಲ ತೆರೆದಳು. ಮುಚ್ಚಳ ತೆಗೆದು ಹಿತ್ತಲ ಕಟ್ಟೆಯ ಮೇಲಿಟ್ಟಳು. ಜಾಲರಿಯ ಕೆಂಡವನ್ನೆಲ್ಲ ಬಾಣಲೆಗೆ ಎಳೆದು ಹೊರಗೆ ಒಯ್ದು ಸುರಿದಳು. ನೀರು ಕುದಿಯುವಷ್ಟು ಬಿಸಿಯಿತ್ತು, ಬೆಂಕಿಯ ಹಂಗು ಬೇಕಿರಲಿಲ್ಲ. ಬಚ್ಚಲಿನಲ್ಲಿ ಹೊಸ ಗಾಳಿ ಆಡಿದ ಮೇಲೆ ಕಿಟಕಿಯ ಮೇಲಿನ ಕದ ಅಂಗೈಯಷ್ಟು ಬಿಟ್ಟು ಅಲಮೇಲುವನ್ನು ಕೂರಿಸಿ, ಬಾಗಿಲ ಹೊರಗೆ ಕಮಲಮ್ಮನವರು ಕಾದು ನಿಂತಿರಲು, ಚೊಂಬಿನ ಮೇಲೆ ಚೊಂಬು ನೀರು ಹಾಕಿದಳು.

ಹುಡುಗಿ ತನ್ನ ಕಾಲ ಮೇಲೆ ತಾನೇ ನಡೆದು ಬಂದಳು. "ಅಮ್ಮಾ, ಹಸಿವು" ಎಂದಳು. ಬಾಣಂತನಕ್ಕೆ ಕೂತಂದಿನಿಂದ ಅವಳು ಆಡದ ಮಾತದು. ಕಮಲಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆಮನೆಗೆ ಓಡಿದರು.

ಬಾಣಂತಿಯನ್ನು ಕೋಣೆಯ ಮಂಚದ ಮೇಲೆ ಮಲಗಿಸಿ, ಬೆವರು ಬರುವಂತೆ ಕಂಬಳಿ ಹೊದಿಸಿದ್ದಾಯಿತು. ಕಮಲಮ್ಮನವರು ಸಾಂಬ್ರಾಣಿಯ ಕೆಂಡದ ಬಾಣಲೆಯನ್ನು ತಂದು ಮಂಚದ ಕೆಳಗೆ ಸರಿಸಿದರು. ಪ್ರತಿ ಮನೆಯಲ್ಲೂ ಹಾಗೆಯೇ ಮಾಡುವುದು.

"ಹೊರಗೆ ಚಳಿ. ಬಾಗಿಲು ಎಳ್ಕೊಂಡ್ಬಿಡೇ ಗಂಗಮ್ಮ" ಎಂದು ಹೇಳಿ ಹೋದರು.

ಮುನಿಗಂಗಮ್ಮ ಬಾಗಿಲಿನ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು.

ತೊಂಡೇಬಾವಿಯ ಮನೆಯಲ್ಲೂ ಹೀಗೇ ಚಳಿಯಿತ್ತು. ಮಂಚದ ಕೆಳಗೆ ಹೀಗೇ ಕೆಂಡವಿತ್ತು. ಅದು ಕಾಳು ತುಂಬುವ ಹಗೇವಿನಂಥ ಕಿರುಕೋಣೆ, ಮೇಲೆ ಹೆಂಚಿಲ್ಲ, ಮಣ್ಣಿನ ಮಾಳಿಗೆ. ನೀರು ಹಾಕಿ ಮಲಗಿಸಿ ಬಾಗಿಲು ಎಳೆದುಕೊಂಡದ್ದು ಇದೇ ಕೈ. ಮಗಳು ಚಿಕ್ಕವೆಂಕಟಮ್ಮನಿಗೆ ಜ್ವರವಿರಲಿಲ್ಲ. ಸನ್ನಿಯವರ ಹಾಗೆ ಬಡಬಡಿಸಲೂ ಇಲ್ಲ. ಬಾಗಿಲು ತೆಗೆದಾಗ ಮುಖ ಕೆಂಪಗೆ, ನಿದ್ದೆಯಲ್ಲಿದ್ದವಳ ಹಾಗಿತ್ತು. ಅದೂ ಇದೇ ಇರಬಹುದು. ಇಲ್ಲದೆಯೂ ಇರಬಹುದು. ಹೇಳುವವರು ಯಾರೂ ಉಳಿದಿರಲಿಲ್ಲ.

ಅವಳು ಬಗ್ಗಿ ಬಾಣಲೆಯನ್ನು ಎಳೆದು ಹಿತ್ತಲಿಗೆ ಒಯ್ದಿಟ್ಟಳು. ತಿರುಗಿ ಬಂದು ಬಾಗಿಲನ್ನು ಪೂರಾ ಹಾಕಲಿಲ್ಲ, ಒಬ್ಬರು ಕೂರುವಷ್ಟು ಬಿಟ್ಟಳು. ಆ ಸಂದಿಯಲ್ಲಿ ಹೊಸ್ತಿಲ ಮೇಲೆ, ಹೊರಗಿನ ಚಳಿಗೆ ಬೆನ್ನು ಕೊಟ್ಟು, ಬಾಣಂತಿಯ ಉಸಿರು ನೋಡುತ್ತ ಕೂತಳು.