ಮೂರನೆಯ ಕಂಬದ ಗಾರೆ

ಮೊನ್ನೆ ಮಠದ ಗೋಡೆಯ ದುರಸ್ತಿಗೆಂದು ಸುಣ್ಣ, ಮರಳು, ಬೆಲ್ಲದ ನೀರು ಕೂಡಿಸಿ ಗಾರೆ ಅರೆಯುತ್ತಿದ್ದರು. ಆ ಹಸಿ ವಾಸನೆ ತಾಕಿದೊಡನೆ ನನ್ನ ಕೈಯ ಜಪಮಾಲೆ ನಿಂತಿತು. ಉಣಕಲ್ಲಿನಲ್ಲಿ ನಮ್ಮ ನೆರೆಮನೆಯವರಾಗಿದ್ದ ಕಲ್ಲುಕಟ್ಟಡದ ಗೌಂಡಿ ಕಾಕಾ ನೆನಪಾದರು...

ಸ್ವಾತಂತ್ರ್ಯಕ್ಕೆ ಹತ್ತು-ಹನ್ನೆರಡು ವರ್ಷ ಮೊದಲಿನ ಮಾತು. ಗದಗಿನ ಹಾದಿಯಲ್ಲಿ ಬೆಣ್ಣೆಹಳ್ಳದ ರೈಲು ಸೇತುವೆಯ ಮೂರನೆಯ ಕಂಬದ ಬುಡ ನೆರೆಗೆ ಸಡಿಲಗೊಂಡಿತ್ತು. ಅದನ್ನು ಮರಳಿ ಕಟ್ಟುವ ಕೆಲಸ ಕಾಕಾರ ಪಾಲಿಗೆ ಬಂದಿತ್ತು. ಅರೆದ ಗಾರೆಯ ಉಂಡೆಯೊಂದನ್ನು ಅವರು ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಕರಗದೆ ಉಳಿದರೆ ಮಾತ್ರ ಕಲ್ಲಿಗೆ ಹಚ್ಚುವುದು. ಸಂಸ್ಕೃತ ಪಾಠಶಾಲೆಯ ರಜೆಯಲ್ಲಿ ನಾನು ಅವರೊಡನೆ ಹೋದ ದಿನ ಉಂಡೆ ಕರಗಿ ನೀರೆಲ್ಲ ಹಾಲಿನಂತಾಗಿತ್ತು.

"ಇನ್ನೂ ಎಂಟು ದಿನಾ ತಡೀಬೇಕ್ರಿ," ಎಂದರು ಕಾಕಾ.

"ಮಳಿ ನಿನ್ನ ಅಪ್ಪಣಿ ಕೇಳಿ ಬರ್ತೈತೇನೋ? ಇವತ್ತ ಹಚ್ಚು," ಎಂದ ಗುತ್ತಿಗೆದಾರ.

ಕಾಕಾ ನನ್ನತ್ತ ತಿರುಗಿ, "ನೋಡ್ರಿ ಪಂಡಿತ್ರ, ಗಾರಿನೂ ನಿಮ್ಮ ಮಂತ್ರದ್ಹಂಗ. ಅವಸರ ಮಾಡಿದ್ರ ಫಲ ಇಲ್ಲ," ಎಂದರು. ಆದರೂ ಹಚ್ಚಬೇಕಾಯಿತು.

ಮೊದಲ ನೆರೆಗೇ ಹೊಸ ಕಲ್ಲುಗಳು ಕಿತ್ತುಹೋದವು. ವಿಚಾರಣೆಗೆ ರೈಲ್ವೆ ಸಾಹೇಬರು ಬಂದರು; ಗುತ್ತಿಗೆದಾರ ತಪ್ಪನ್ನೆಲ್ಲ ಕಾಕಾರ ತಲೆಗೆ ಕಟ್ಟಿದ. ಚತುರ್ದಶಿಯ ಸಂಜೆ ಅವರು ನಮ್ಮ ಕಟ್ಟೆಗೆ ಬಂದು ಕುಳಿತರು.

"ನೀವು ಕಿವಿಯಾರೆ ಕೇಳೀರಿ. ಒಂದು ಅರ್ಜಿ ಬರದು, ಸಾಕ್ಷಿ ಅಂತ ಸಹಿ ಹಾಕ್ರಿ. ಇಷ್ಟು ವರ್ಷದ ಹೆಸರು ಹೊಂಟೈತ್ರಿ."

"ನಾಳೆ ಅಮಾಸಿ ಕಾಕಾ, ಮರುದಿನ ಪಾಡ್ಯ. ಬಿದಗಿ ದಿನ ಛಲೋತ್ನಾಗ ಬರದು ಕೊಡ್ತೇನ್ರಿ," ಎಂದೆ.

ಶುಭಕಾರ್ಯಕ್ಕೆ ಶುಭ ತಿಥಿ ಬೇಕೆಂದೇ ನಾನು ಕಲಿತದ್ದು. ಅವರು ಎದುರಾಡಲಿಲ್ಲ, ನನ್ನ ಶಾಸ್ತ್ರದ ಮೇಲೆ ಅವರಿಗೆ ಅಷ್ಟು ಗೌರವ. ಅದೇ ಇಂದಿಗೂ ನನ್ನನ್ನು ಸುಡುತ್ತದೆ.

ಬಿದಿಗೆಯಂದು ಮಿಂದು, ಶ್ರೀಕಾರ ಹಾಕಿ ಮೂರು ಪುಟ ಬರೆದೆ. ಸಾಹೇಬರು ಪಾಡ್ಯದಂದೇ ವರದಿ ಮುಗಿಸಿ ಹೊರಟುಹೋಗಿದ್ದರು. ಆಮೇಲೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದೆನೋ! ಎಲ್ಲೆಡೆ ಒಂದೇ ಮಾತು: "ಅದು ಮುಗದೈತ್ರಿ." ಕಾಕಾರಿಗೆ ಮತ್ತೆ ಯಾರೂ ಕಲ್ಲಿನ ಕೆಲಸ ಕೊಡಲಿಲ್ಲ. ಅವರಿವರ ಮನೆಯಲ್ಲಿ ಒಲೆ ಕಟ್ಟುತ್ತ, ಹಿತ್ತಲ ಗೋಡೆಗೆ ಮಣ್ಣು ಮೆತ್ತುತ್ತ ಕಾಲ ಕಳೆದು ಕಣ್ಣುಮುಚ್ಚಿದರು. ನನ್ನನ್ನು ಒಮ್ಮೆಯೂ ಬೈಯಲಿಲ್ಲ... ಬೈದಿದ್ದರಾದರೂ!

ಸೇತುವೆಯ ಚರಿತ್ರೆ ಕೇಳಿದವರಿಗೆ ಆ ವರದಿ ಹೇಳುವುದು ಒಂದೇ: ಗೌಂಡಿಯ ಅಜಾಗರೂಕತೆ. ನನ್ನ ಮೂರು ಪುಟಗಳು ಇನ್ನೂ ಪೆಟ್ಟಿಗೆಯಲ್ಲೇ ಇವೆ.

ಮಠದ ಗೌಂಡಿ ನಿನ್ನೆ ಬಂದು, "ಅಜ್ಜಾರ, ಗಾರಿ ತಯಾರೈತ್ರಿ. ನಾಳೆ ದಿನಾ ಛಲೋ ಐತೇನ್ರಿ?" ಎಂದು ಕೇಳಿದ.

ಪಂಚಾಂಗ ಮಗ್ಗುಲಲ್ಲೇ ಇತ್ತು. ತೆರೆಯಲಿಲ್ಲ.

"ಉಂಡಿ ನೀರಾಗ ಇಟ್ಟು ನೋಡೀಯೇನಪಾ?" ಎಂದೆ.