ಈರಪ್ಪನ ಹೆಬ್ಬೆಟ್ಟು

ಆ ಪದವನ್ನು ಸೇರಿಸಿದವನು ನಾನೇ. ಸರ್ಕಾರವಲ್ಲ, ನೋಂದಣಿ ಕಚೇರಿಯಲ್ಲ, ವಕೀಲನೂ ಅಲ್ಲ — ನಾನು. ಇಷ್ಟು ವರ್ಷ ತಪ್ಪನ್ನು ಆ ಮೂವರ ಮೇಲೂ ಹಾಕಿಕೊಂಡು ಬಂದಿದ್ದೇನೆ. ಸ್ಮರಣ ಸಂಚಿಕೆಗೆ ನಮ್ಮ ಡೊಂಬಿವಲಿಯ ಮಾಜಿ ಸೈನಿಕರ ಕೂಟದ ಇತಿಹಾಸ ಬರೆದುಕೊಡಿ ಎಂದು ದುಂಬಾಲು ಬಿದ್ದಿದ್ದೀರಲ್ಲ, ತಗೊಳ್ಳಿ, ಇದೇ ಇತಿಹಾಸ.

ಕೂಟ ಕಟ್ಟಿದವನು ಈರಪ್ಪ. ಬಿಜಾಪುರದ ಕಡೆಯವನು, ಪಲ್ಟನ್ನಿನಲ್ಲಿ ಅಡುಗೆಯವನಾಗಿದ್ದ. ಬಿಟ್ಟು ಬಂದ ಮೇಲೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ. ಸ್ಟೇಷನ್ನಿನಲ್ಲಿ ಯಾರಾದರೂ ಎದೆ ಸೆಟೆಸಿ ನಡೆಯುತ್ತ ಕನ್ನಡ ಮಾತಾಡಿದರೆ ಸಾಕು, ಹಿಡಿದು ನಿಲ್ಲಿಸುತ್ತಿದ್ದ — "ಫೌಜಿ ಏನ್ರಿ?" ನನ್ನನ್ನಂತೂ ನೋಡಿದೊಡನೆ ಗುರುತಿಸಿದ, ಇಬ್ಬರೂ ಒಂದೇ ಪಲ್ಟನ್ನಿನವರು. ಹೋಟೆಲಿನ ಶೆಟ್ಟರನ್ನು ಕಾಡಿ ಬೇಡಿ ಅವರ ಹಿಂಬದಿಯ ಖೋಲಿ ಪಡೆದ. ಕಲ್ಯಾಣದಿಂದ ಕೇರಂ ಬೋರ್ಡನ್ನು ಮುಂಬಯಿ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಹೊತ್ತು ತಂದ. ಭಾನುವಾರದ ಚಹಾ ಯಾವಾಗಲೂ ಅವನದೇ.

ಆದರೆ ಅವನ ಬಾಯಿ — ಅದಕ್ಕೆ ಬೀಗವೇ ಇರಲಿಲ್ಲ. ನಾನು ಎಪ್ಪತ್ತೊಂದರ ಯುದ್ಧದ ಕಥೆ ತೆಗೆದರೆ ಚಹಾ ಸೋಸುತ್ತಲೇ ತಿದ್ದುವನು. ಒಂದು ಭಾನುವಾರ ಎಲ್ಲರೆದುರು, "ಆವತ್ತ ನೀವು ಮುಂದ ಎಲ್ಲಿದ್ರಿ ಸಾಹೇಬ್ರ? ಹಿಂದ ಸ್ಟೋರಿನ್ಯಾಗ ಕಂಬಳಿ ಎಣಸ್ತಿದ್ರಲ್ಲ," ಎಂದ. ಕುಹಕವಲ್ಲ, ನೆನಪಿದ್ದದ್ದನ್ನು ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ; ಮೈಯೆಲ್ಲ ಉರಿಯುತ್ತಿತ್ತು.

ಅದೇ ತಿಂಗಳು ಕೂಟದ ನೋಂದಣಿ. ಕಾರ್ಯದರ್ಶಿ ನಾನು, ನಿಯಮಗಳನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದವನೂ ನಾನೇ. ಸೇನೆಯಲ್ಲಿದ್ದವರೆಲ್ಲ ಸದಸ್ಯರು ಎಂದು ಒಪ್ಪಿದ್ದೆವು. ನಾನು ನಡುವೆ 'ಕಂಬ್ಯಾಟಂಟ್' ಎಂದು ತುರುಕಿದೆ — ಅಂದರೆ ಯೋಧರ ದರ್ಜೆಯವರು ಮಾತ್ರ. ಕಂಬಳಿ ಎಣಿಸಿದ ನಾನು ಸೇನೆಯ ಕಾಗದದಲ್ಲಿ ಕಂಬ್ಯಾಟಂಟ್. ಗುಂಡಿನ ನಡುವೆ ಮುಂದಿನ ಸಾಲಿಗೆ ಊಟ ಹೊತ್ತ ಅಡುಗೆಯವನು ಅಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಕೂಟದಲ್ಲಿ ಕನ್ನಡದಲ್ಲಿ ಓದಿ ಹೇಳುವಾಗ ಆ ಪದವನ್ನು ನುಂಗಿದೆ. ಈರಪ್ಪನಿಗೆ ಓದು ಬಾರದು. "ನೀವು ಓದೀರಿ ಅಂದಮ್ಯಾಲ ಮುಗೀತ್ರಿ," ಎಂದು ಹೆಬ್ಬೆಟ್ಟು ಒತ್ತಿದ — ತನ್ನನ್ನೇ ಹೊರಗಿಡುವ ಕಾಗದಕ್ಕೆ.

ಗೋಡೆಗೆ ಸದಸ್ಯರ ಪಟ್ಟಿ ಬಿತ್ತು, ಅವನ ಹೆಸರಿಲ್ಲ. ಯಾಕೆಂದು ಕೇಳಿದ. "ಕಾಯ್ದೆ ಹಾಗುಂಟು ಮಾರಾಯ, ನಾನೇನು ಮಾಡುವುದು?" ಎಂದೆ. ಶೆಟ್ಟರು ಗೊಣಗಿದರು, ಕಾಯ್ದೆ ಎಂದ ಮೇಲೆ ಸುಮ್ಮನಾದರು. ಈರಪ್ಪ ಲೋಟಗಳನ್ನು ತೊಳೆದಿಟ್ಟು ಹೋದ. ಮತ್ತೆ ಬರಲಿಲ್ಲ.

ಒಂದು ಸಲವಾದರೂ ಜಗಳವಾಡಬಾರದಿತ್ತೇ ಆ ಮನುಷ್ಯ? ಬೈದಿದ್ದರೆ ನಾನೂ ಬೈದು, ಆ ಪದವನ್ನು ಹೊಡೆದುಹಾಕಿ — ಛೆ, ನೋಡಿ, ಇವತ್ತಿಗೂ ತಪ್ಪನ್ನು ಅವನ ತಲೆಗೇ ಕಟ್ಟಲು ಹೊರಟಿದ್ದೇನೆ. ನನಗೇ ನನ್ನ ಮೇಲೆ ರೇಗುತ್ತದೆ.

ಹೋದ ಭಾನುವಾರ ಟಿಟ್ವಾಳಾಕ್ಕೆ ಹೋದೆ. ಈರಪ್ಪ ಈಗ ಅಲ್ಲಿ ಮಗನ ಮನೆಯಲ್ಲಿದ್ದಾನೆ. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೆಂಡತಿಯನ್ನು ಕರೆದು ನನ್ನನ್ನು ತೋರಿಸಿದ: "ಇವ್ರ ನೋಡು, ನಾ ಹೇಳ್ತಿದ್ನಲ್ಲ. ಆವತ್ತ ನನ್ನ ಸಲುವಾಗಿ ಭಾಳ ಬಡದಾಡಿರಬೇಕು. ಕಾಯ್ದೆ ಮುಂದ ಇವ್ರದೂ ನಡೀಲಿಲ್ಲ."

ಆಕೆ ನನಗೆ ಕೈ ಮುಗಿದರು. ನಾನು ಚಹಾ ಕುಡಿದು ಎದ್ದು ಬಂದೆ. ಹೌದು, ಏನೂ ಹೇಳದೆ.

ಇದನ್ನು ಹಾಗೇ ಅಚ್ಚು ಮಾಡಿ, ಒಂದಕ್ಷರವನ್ನೂ ಮೆತ್ತಗೆ ಮಾಡಬೇಡಿ. ಒಂದು ವಾರ ಮಾತ್ರ ತಡೆಯಿರಿ. ಮೊದಲು ಟಿಟ್ವಾಳಾಕ್ಕೆ ಒಯ್ದು ಅವನಿಗೆ ಓದಿ ಹೇಳಬೇಕು — ಅವನ ಹೆಂಡತಿಯ ಎದುರಿಗೇ.