ಮಂಗಳವಾರ, ಶುಕ್ರವಾರದ ಬಾಟಲಿ

ನನ್ನ ಸೋದರತ್ತೆಯ ಬಲಗೈ ತೋರುಬೆರಳಿನಲ್ಲಿ ಒಂದು ಗೆರೆ ಇತ್ತು. ನಲವತ್ತು ವರ್ಷ ರೇಷ್ಮೆ ಎಳೆ ಅದೇ ಜಾಗದಲ್ಲಿ ಹರಿದು ಚರ್ಮ ಕೊರೆದಿತ್ತು. ಕೊಳ್ಳೇಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ ರಾಟೆ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಎಳೆ ತುಂಡಾದರೆ ಎಳೆಯನ್ನೇ ಬೈಯುವಳು: “ಎಲ್ಗೋಯ್ತೀಯ? ಬಾ ಇಲ್ಲಿ!” ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ಪಿಸುಮಾತು ಅವಳಿಗೆ ಮರೆತೇಹೋಗಿತ್ತು. ಗುಟ್ಟು ಹೇಳಿದರೂ ಬೀದಿಯ ಕೊನೆಯ ಮನೆಗೆ ಕೇಳುತ್ತಿತ್ತು.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ನಾನು ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದದ್ದನ್ನು ಊರಿಗೆಲ್ಲ ಸಾರಿದವಳೂ ಅವಳೇ.

ಆ ದನಿ ಇಳಿದಾಗಲೇ ನಮಗೆ ಎಚ್ಚರವಾಗಬೇಕಿತ್ತು. ಸ್ತನದ ಕ್ಯಾನ್ಸರ್ ಒಳಗೆ ಹರಡಿ ಶ್ವಾಸಕೋಶದ ಸುತ್ತ ನೀರು ತುಂಬುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ದಿಂಬಿನ ಮೇಲೆ ಬಗ್ಗಿಸಿ ಕೂರಿಸಿ, ಬೆನ್ನಿಗೆ ಸೂಜಿ ಚುಚ್ಚಿ ತೆಗೆಯುತ್ತಿದ್ದರು. ಹದಿನೈದು ದಿನಕ್ಕೆ ಮತ್ತೆ ತುಂಬುತ್ತಿತ್ತು. ಮತ್ತೆ ಮೈಸೂರು, ಮತ್ತೆ ಸೂಜಿ.

ಮೂರನೆಯ ಸಲ ಡಾಕ್ಟರು ನನ್ನನ್ನೂ ಅವಳ ಅಣ್ಣನಾದ ದೊಡ್ಡಪ್ಪನನ್ನೂ ವಾರ್ಡಿನ ಹೊರಗೆ ಕರೆದರು. ಪಕ್ಕೆಯೊಳಗೆ ಒಂದು ತೆಳು ಟ್ಯೂಬ್ ಇಟ್ಟುಬಿಡಬಹುದು, ಅದರ ತುದಿ ಹೊರಗೆ ಬ್ಯಾಂಡೇಜಿನಡಿ ಇರುತ್ತದೆ, ವಾರಕ್ಕೆರಡು ದಿನ ಮನೆಯಲ್ಲೇ ಬಾಟಲಿ ಜೋಡಿಸಿ ನೀರು ತೆಗೆಯಬಹುದು ಎಂದರು. ಕಾಯಿಲೆ ವಾಸಿಯಾಗುವುದಿಲ್ಲ, ಉಸಿರಾಟ ಮಾತ್ರ ಸಲೀಸಾಗುತ್ತದೆ ಎಂದೂ ಬಿಡಿಸಿ ಹೇಳಿದರು.

“ಮೈಗೆ ಪೈಪಾಕುಸ್ಕಂಡು ಮನೇಗ್ ಬರೋದಾ? ಬ್ಯಾಡ ಸಾ. ಅವಳ್ಗೆ ಏಳ್ಬೇಡಿ, ಎದರ್ಕತಾಳೆ,” ಎಂದರು ದೊಡ್ಡಪ್ಪ.

ಎಂಟನೇ ಕ್ಲಾಸಿನ ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಸುವ ನಾನು ಕುರಿಯ ಹಾಗೆ ತಲೆಯಾಡಿಸಿದೆ. ಮನೆಯ ಹಿರಿಯರು ತೀರ್ಮಾನ ಮಾಡುವಾಗ ಕಿರಿಯರು ಬಾಯಿ ಹಾಕಬಾರದಂತೆ. ಕಾಯಿಲೆಯವರನ್ನಂತೂ ಕೇಳುವ ಹಾಗೇ ಇಲ್ಲ. ಅತ್ತೆಗೆ ಇನ್ನೂ ನಾಲ್ಕು ಸಲ ಸೂಜಿ ಬಿತ್ತು. ಎರಡು ತಿಂಗಳು ಅವಳು ಗೋಡೆಗೊರಗಿ ಕೂತೇ ನಿದ್ದೆ ಮಾಡಿದಳು.

ಕೊನೆಗೆ ಅವಳೇ ಕಂಡುಹಿಡಿದಳು. ಪಕ್ಕದ ಮಂಚದಲ್ಲಿದ್ದ ಹೂಗ್ಯಂ ಕಡೆಯ ಹೆಂಗಸಿಗೆ ಆ ಟ್ಯೂಬ್ ಇತ್ತು. “ಅವ್ರಿಗೈತೆ, ನಂಗ್ಯಾಕಿಲ್ಲ ಸಾ?” ಎಂದು ಡಾಕ್ಟರನ್ನು ಕೇಳಿದಳು. ನಿಮ್ಮ ಮನೆಯವರೇ ಬೇಡ ಅಂದರಲ್ಲ ಎಂದರು ಅವರು. ಅತ್ತೆ ನಮ್ಮಿಬ್ಬರ ಕಡೆ ತಿರುಗಿದಳು. ಒಂದೊಂದು ಮಾತಿಗೂ ನಿಂತು ಉಸಿರೆಳೆಯಬೇಕಿತ್ತು.

“ಉಸ್ರು ನಂದು. ಕೇಳ್ಬೇಕಾಗಿದ್ದು... ನನ್ನ.”

ಟ್ಯೂಬ್ ಹಾಕಿದರು. ಮಂಗಳವಾರ, ಶುಕ್ರವಾರ ತೆಗೆಯಿರಿ ಎಂದು ಸಿಸ್ಟರ್ ನನಗೆ ಕಲಿಸಿಕೊಟ್ಟರು. ಯಳಂದೂರಿನಲ್ಲೇ ಮನೆ ಮಾಡಿದ್ದ ನಾನು ಆ ಎರಡು ದಿನ ಸ್ಕೂಲು ಮುಗಿಸಿ ಕೊಳ್ಳೇಗಾಲಕ್ಕೆ ಬಂದು, ಸೋಪು ಹಾಕಿ ಕೈ ತೊಳೆದು, ಬಾಟಲಿ ಜೋಡಿಸುತ್ತಿದ್ದೆ. ಚಹಾದ ಬಣ್ಣದ ನೀರು ಇಳಿಯುತ್ತಿದ್ದಂತೆ ಅತ್ತೆಯ ಹೆಗಲೂ ಇಳಿಯುತ್ತಿತ್ತು. ಮೊದಲ ವಾರದಲ್ಲೇ ಕಾಲು ಚಾಚಿ ಮಲಗಿದಳು. ಮುದ್ದೆ ಕೇಳಿ ಉಂಡಳು. ರಾಟೆಯನ್ನೂ ಒರೆಸಿಟ್ಟಳು.

ಇದನ್ನೂ ಸಹಿಸಲಿಲ್ಲ ನಮ್ಮ ಮನೆ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಹಾಕುವುದಿಲ್ಲ ನಮ್ಮಲ್ಲಿ. ನೆರೆಯವರಿಗೆ ಹೆಪ್ಪಿಗೆ ಮೊಸರನ್ನೂ ಕೊಡುವುದಿಲ್ಲ. ದೊಡ್ಡಮ್ಮ ಒಂದು ಶುಕ್ರವಾರ ಫೋನು ಮಾಡಿ, “ಲಕ್ಷ್ಮಿ ವಾರ ಕಣಪ್ಪ, ನಾಳೀಕ್ ಬಾ,” ಎಂದರು. ಮಾರನೆಯ ದಿನ ಮತ್ತೆ ಫೋನು. ಅಮಾವಾಸ್ಯೆಯಂತೆ. ನಾನೋ, ಎರಡು ಸಲವೂ “ಸರಿ ಬುಡಿ” ಎಂದೆ. ಅತ್ತೆಯ ಕೈಗೆ ಫೋನು ಕೊಡಿ ಎನ್ನಲೂ ಹೊಳೆಯಲಿಲ್ಲ.

ಭಾನುವಾರ ಹೋದಾಗ ಅತ್ತೆ ಮಂಚದ ಅಂಚು ಹಿಡಿದು ಬಗ್ಗಿ ಕೂತಿದ್ದಳು. ತುಟಿ ಕಪ್ಪಿಟ್ಟಿತ್ತು. ಕೈ ತೊಳೆದು ಬಾಟಲಿ ಜೋಡಿಸಿದೆ. ನೀರು ಇಳಿದು ಉಸಿರು ಬಂದದ್ದೇ ಅವಳು ಮೊದಲು ಮಾಡಿದ ಕೆಲಸ ನನ್ನನ್ನು ಬೈದದ್ದು.

“ನೀನೇನ್ಲಾ ಮಕ್ಳಿಗೇಳ್ಕೊಡೋದು? ನನ್ನೆದೇಲಿ ನೀರು ಪಂಚಾಂಗ ನೋಡ್ಕಂಡ್ ತುಂಬ್ಕತದಾ?”

ಮುಂದಿನ ಮಂಗಳವಾರ ಅವಳು ಯಾರನ್ನೂ ಕಾಯಲಿಲ್ಲ. ಹಾಡಹಗಲೇ ಜಗುಲಿಯ ಮೇಲೆ ಕೂತು, ನನ್ನಿಂದ ನೋಡಿ ಕಲಿತಿದ್ದ ಹಾಗೆ ತಾನೇ ಬಾಟಲಿ ಜೋಡಿಸಿಕೊಂಡಳು. ನೂಲಿನ ಗಂಟು ಹಾಕಿದ ಕೈಗೆ ಅದೇನು ಮಹಾ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. “ಒಳೀಕ್ ಬಾ, ಮಾನ ಓಯ್ತದೆ,” ಎಂದು ದೊಡ್ಡಪ್ಪ ಗದರಿದರು. “ಮಾನ ನೀನ್ ಮಡೀಕಣ್ಣ. ನಂಗುಸ್ರು ಸಾಕು,” ಎಂದಳು. ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಆಮೇಲೆ ನಾಲ್ಕು ತಿಂಗಳಿದ್ದಳು. ಒಂದು ಬೆಳಗ್ಗೆ, ಮಲಗಿದ್ದಲ್ಲೇ, ಏದುಸಿರಿಲ್ಲದೆ ಹೋದಳು.

ಹೆಣದ ಮುಂದೆ ಕೂತು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು: “ಪೈಪಾಕ್ದೆ ಇದ್ದಿದ್ರೆ ಇನ್ನೊಂದೊರ್ಸ ಇರೋಳು.” ನನಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟಿದಾಗಿನಿಂದ ಅವರಿಗೆ ಎದುರಾಡದವನು ಅಂದು ಎಲ್ಲರೆದುರೂ ಕೂಗಿದೆ: “ಪೈಪ್ ಬ್ಯಾಡ ಅಂದ ನಾವಿಬ್ರೇ ದೊಡ್ಡಪ್ಪ ಅವಳ್ನ ಸಾಯಿಸಿದ್ದು, ಎರಡು ತಿಂಗಳು, ದಿನಾ!”

ಯಾರೋ ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದರು. ದುಃಖದಲ್ಲಿ ಏನೇನೋ ಆಡುತ್ತಾನೆ ಎಂದರು. ದುಃಖವಲ್ಲ, ಸಿಟ್ಟು, ಇವತ್ತಿಗೂ ಇಳಿದಿಲ್ಲ. ದೊಡ್ಡಪ್ಪನಿಗೆ ಓದು ಬರಹವಿಲ್ಲ. ನನಗಿತ್ತು. ಅಂದು ವಾರ್ಡಿನ ಬಾಗಿಲು ದಾಟಿ ಹತ್ತು ಹೆಜ್ಜೆ ಒಳಗೆ ಹೋಗಿ, “ಅತ್ತೆ, ನಿಂಗೇನ್ ಬೇಕು?” ಎಂದು ನಾನು ಕೇಳಬೇಕಿತ್ತು. ಅವಳು ಎಚ್ಚರವಾಗೇ ಇದ್ದಳು.